ಭಂಗಿಯ ಗಿಡ ಕೀಳಿಸಿದ ಸುಲ್ತಾನ

ಚಿಂತಾಮಣಿಯಿಂದ ಕೈವಾರದ ಕಡೆಗೆ ಹೊರಟವರಿಗೆ ಅಂಬಾಜಿದುರ್ಗದ ಬೋಳುಬಂಡೆ ಬಹು ದೂರದಿಂದಲೇ ಕಾಣಿಸಿಕೊಳ್ಳುತ್ತದೆ. ಸಮುದ್ರಮಟ್ಟದಿಂದ ಸುಮಾರು 4,400 ಅಡಿ ಎತ್ತರದ ಈ ಬೆಟ್ಟದ ಮೈಯಲ್ಲಿ ಗಿಡಮರಗಳಿಗಿಂತ ಕಲ್ಲೇ ಹೆಚ್ಚು. ಈಚಿನ ದಶಕಗಳಲ್ಲಿ ಬೆಟ್ಟದ ಒಂದು ಪಾರ್ಶ್ವದಲ್ಲಿ ಕೈಲಾಸಗಿರಿಯ ಗುಹಾಲಯವನ್ನು ಕೊರೆದ ಮೇಲೆ ಯಾತ್ರಿಕರ ಓಡಾಟ ಬೆಳೆದಿದೆ. ಆದರೆ ಮೇಲಿನ ಕೋಟೆಯ ಗೋಡೆಗಳನ್ನು ನೋಡಲು ಹತ್ತುವವರು ವಿರಳ. ಕೋಟೆ ಯಾರದೆಂದು ಕೇಳಿದರೆ ಸುತ್ತಣ ಊರಿನವರು ಟಿಪ್ಪುವಿನದೆಂದು ಹೇಳುತ್ತಾರೆ. ಅದನ್ನು ಬಲಪಡಿಸಿದವನು ಆತನೇ ಆದುದರಿಂದ ಉತ್ತರ ತಪ್ಪಲ್ಲ. ನೆರೆಯ ರಹಮಾನ್‌ಗಡವೂ, ಪಡುವಣದ ನಂದಿದುರ್ಗವೂ ಆತನ ಕೈ ಸೋಕಿದ ಕೋಟೆಗಳೇ. ನಂದಿಯ ಬುಡದಿಂದ ತೆಂಕಣಕ್ಕೆ ಇಳಿದರೆ ಆತನು ಹುಟ್ಟಿದ ದೇವನಹಳ್ಳಿ.

ಟಿಪ್ಪು ಸುಲ್ತಾನನ ಹೆಸರೆತ್ತಿದೊಡನೆ ನಮ್ಮಲ್ಲಿ ಎರಡು ಪಂಗಡಗಳಾಗುವುದು ವಾಡಿಕೆಯಾಗಿಬಿಟ್ಟಿದೆ. ಆತನ ಜಯಂತಿಯನ್ನು ಸರಕಾರವೇ 2015ರಲ್ಲಿ ಆರಂಭಿಸಿ, ಸರಕಾರವೇ 2019ರಲ್ಲಿ ನಿಲ್ಲಿಸಿತು. ಒಬ್ಬರಿಗೆ ಆತನು ಪರಕೀಯರೊಡನೆ ಕಾದಿ ಮಡಿದ ವೀರ. ಇನ್ನೊಬ್ಬರಿಗೆ ಕೊಡಗು ಮಲಬಾರುಗಳನ್ನು ಕಾಡಿದ ಮತಾಂಧ. ಎರಡು ಪಂಗಡದವರೂ ಆತನ ಕತ್ತಿಯನ್ನು ಬಲ್ಲರು. ಆತನ ಲೇಖನಿಯನ್ನು ಬಲ್ಲವರು ಕಡಿಮೆ. ಆ ಲೇಖನಿಯಿಂದ ಹೊರಟ ಅಪ್ಪಣೆಗಳಲ್ಲೊಂದು ರೈತನ ಹಿತ್ತಿಲಿಗೂ ಬೈರಾಗಿಯ ಚಿಲುಮೆಗೂ ಸಂಬಂಧಿಸಿದುದು. ತನ್ನ ರಾಜ್ಯದಲ್ಲಿ ಯಾರೂ ಭಂಗಿಯ ಗಿಡವನ್ನು ಬೆಳೆಯಕೂಡದೆಂದು ಆತನು ವಿಧಿಸಿದ್ದನು. ಭಂಗಿಯನ್ನು, ಎಂದರೆ ಗಾಂಜಾವನ್ನು, ಮುಕ್ತವಾಗಿ ಬಿಡಬೇಕೆ ಕಟ್ಟಿಡಬೇಕೆ ಎಂದು ಜಗತ್ತೆಲ್ಲ ಮತ್ತೆ ವಾದಕ್ಕಿಳಿದಿರುವ ಈ ದಿನಗಳಲ್ಲಿ ಆ ಅಪ್ಪಣೆಯ ಕಡೆಯಿಂದ ಆತನ ಬಾಳನ್ನೊಮ್ಮೆ ನೋಡುವುದು ಅಪ್ರಸ್ತುತವಾಗದು.

ವಾದದ ಸ್ಥಿತಿ ಹೀಗಿದೆ. ಉರುಗ್ವೆ ದೇಶವು 2013ರಲ್ಲಿಯೂ ಕೆನಡಾ 2018ರಲ್ಲಿಯೂ ಗಾಂಜಾದ ಸೇವನೆಗೆ ಶಾಸನದ ಒಪ್ಪಿಗೆಯಿತ್ತುವು. ಜರ್ಮನಿ 2024ರಲ್ಲಿ ಮಿತವಾದ ಒಪ್ಪಿಗೆಯಿತ್ತಿತು. ನಮ್ಮ ದೇಶದಲ್ಲಿ 1985ರ ಮಾದಕವಸ್ತುಗಳ ಕಾಯಿದೆ ಗಿಡದ ಹೂತುದಿಯನ್ನೂ ಅಂಟನ್ನೂ ನಿಷೇಧಿಸಿತಾದರೂ ಬರಿಯ ಎಲೆಯನ್ನು ಆ ವ್ಯಾಖ್ಯೆಯಿಂದ ಹೊರಗೆ ಬಿಟ್ಟಿತು. ಒಂದೇ ಗಿಡದ ತುದಿ ಅಪರಾಧ, ಬುಡದ ಎಲೆ ನಿರಪರಾಧಿ! ವಿಶ್ವಸಂಸ್ಥೆಯ ಆಯೋಗವೊಂದು 2020ರ ಡಿಸೆಂಬರಿನಲ್ಲಿ, ಅತ್ಯಂತ ಅಪಾಯಕಾರಿ ವಸ್ತುಗಳ ಪಟ್ಟಿಯಿಂದ ಗಾಂಜಾವನ್ನು ತೆಗೆಯಬೇಕೆ ಎಂದು ಮತಕ್ಕೆ ಹಾಕಿದಾಗ 27 ದೇಶಗಳು ಹೌದೆಂದವು, 25 ಬೇಡವೆಂದವು. ಹೌದೆಂದವುಗಳಲ್ಲಿ ಭಾರತವೂ ಒಂದು. ಅದೇ ವರ್ಷ ಯಾದಗಿರಿ ಜಿಲ್ಲೆಯ ತಿಂಥಿಣಿ ಮೌನೇಶ್ವರನ ಸನ್ನಿಧಿಯಲ್ಲಿ ಭಕ್ತರು ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುವ ಸಂಪ್ರದಾಯ ವೃತ್ತಪತ್ರಿಕೆಗಳಲ್ಲಿ ಚರ್ಚೆಗೆ ಬಂದಿತು. ಬಿಡಬೇಕೆನ್ನುವವರು ಹೇಳುವುದು ಬೊಕ್ಕಸದ ಲಾಭ, ಕಳ್ಳಪೇಟೆಯ ನಾಶ, ಪುರಾತನ ರೂಢಿ. ಬಿಡಬಾರದೆನ್ನುವವರು ಹೇಳುವುದು ತರುಣರ ಬುದ್ಧಿ, ಸಂಸಾರದ ನೆಮ್ಮದಿ, ದುಡಿಯುವವನ ಮೈಬಲ. ಈ ಮಾತುಗಳಲ್ಲಿ ಯಾವುದೂ ನಮ್ಮ ಸೀಮೆಗೆ ಹೊಸದಲ್ಲ.

ಟಿಪ್ಪು ಹುಟ್ಟಿದ್ದು 1750ರ ನವೆಂಬರಿನಲ್ಲಿ. ಅದಕ್ಕೆ ಒಂದು ವರ್ಷದ ಹಿಂದೆ ದೇವನಹಳ್ಳಿಯ ಮುತ್ತಿಗೆಯಲ್ಲಿ ತಂದೆ ಹೈದರನು ಮೈಸೂರಿನ ಸೈನ್ಯದ ಸಾಮಾನ್ಯ ಸವಾರನಾಗಿ ಕಾದಾಡಿ ದಳವಾಯಿ ನಂಜರಾಜಯ್ಯನ ಕಣ್ಣಿಗೆ ಬಿದ್ದಿದ್ದನು. ಹೈದರನ ಹುಟ್ಟೂರು ಕೋಲಾರ ಸೀಮೆಯ ಬೂದಿಕೋಟೆ. ಆತನ ತಂದೆಯ ಗೋರಿ ಕೋಲಾರದಲ್ಲಿ. ಹೀಗೆ ಮೂರು ತಲೆಮಾರಿನಿಂದ ಈ ವಂಶ ನಮ್ಮ ಈ ಬೆಟ್ಟಸಾಲುಗಳ ಅಕ್ಕಪಕ್ಕದಲ್ಲಿಯೇ ಬೆಳೆದುದು. ತಾಯಿ ಫಕ್ರುನ್ನಿಸಾ ಆರ್ಕಾಟಿನ ಸಂತ ಟಿಪ್ಪು ಮಸ್ತಾನನ ದರ್ಗಾಕ್ಕೆ ಹರಸಿಕೊಂಡು ಪಡೆದ ಮಗನಾದುದರಿಂದ ಆ ಸಂತನ ಹೆಸರೇ ಮಗುವಿಗೆ ಬಂದಿತು. ಓದುಬರಹ ತಿಳಿಯದ ಹೈದರನು ಮಗನಿಗೆ ಮೌಲವಿಗಳನ್ನಿಟ್ಟು ಫಾರಸಿ ಕಲಿಸಿದನು, ಸವಾರಿ ಕಲಿಸಿದನು, ಹದಿನೈದು ಹದಿನಾರರ ಪ್ರಾಯದಲ್ಲಿಯೇ ದಂಡಿನೊಡನೆ ಕರೆದೊಯ್ದನು. ಮುಂದಿನ ಕಾಳಗಗಳ ಕಥೆ ಶಾಲೆಯ ಪುಸ್ತಕಗಳಲ್ಲಿದೆ. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಬೇಯ್ಲಿಯ ದಳವನ್ನು ತಂದೆಮಕ್ಕಳು ಮುರಿದರು. 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರನು ತೀರಿಕೊಂಡಾಗ, ಮಲಬಾರಿನ ಕಡೆಯಲ್ಲಿದ್ದ ಟಿಪ್ಪು ಬಂದು ಸೇರುವವರೆಗೂ ಆ ಸುದ್ದಿಯನ್ನು ಪೂರ್ಣಯ್ಯ ಮೊದಲಾದ ಅಧಿಕಾರಿಗಳು ಗುಟ್ಟಾಗಿಟ್ಟರು. 1784ರ ಮಾರ್ಚಿನ ಮಂಗಳೂರು ಒಪ್ಪಂದದಿಂದ ಆ ಯುದ್ಧ ಮುಗಿಯಿತು. ಆಮೇಲಿನ ಐದಾರು ವರ್ಷಗಳಲ್ಲಿ ರಾಜ್ಯವನ್ನು ತನಗೆ ಬೇಕಾದಂತೆ ತಿದ್ದಲು ಸುಲ್ತಾನನಿಗೆ ಸ್ವಲ್ಪ ಬಿಡುವು ದೊರೆಯಿತು.

ತಂದೆ ಮಾತಿನಿಂದ ಆಳಿದರೆ ಮಗ ಕಾಗದದಿಂದ ಆಳಿದನು. ಹೈದರನು ಏಕಕಾಲದಲ್ಲಿ ನಾಲ್ಕಾರು ಮಂದಿಯ ಅಹವಾಲು ಕೇಳಿ ಅಲ್ಲಿಯೇ ತೀರ್ಮಾನ ಹೇಳುತ್ತಿದ್ದವನು. ಟಿಪ್ಪುವಿಗೆ ಎಲ್ಲವೂ ಬರೆಹದಲ್ಲಿರಬೇಕು: ಕುದುರೆಯ ಮೇವು, ಫಿರಂಗಿಯ ಎರಕ, ಹಡಗಿನ ಮರ, ತಿಂಗಳುಗಳ ಹೆಸರು, ಅಳತೆ ತೂಕಗಳ ಹೆಸರು ಯಾವುದನ್ನೂ ಆತನು ಮೊದಲಿದ್ದಂತೆ ಇರಗೊಡಲಿಲ್ಲ. ಕರ್ಕ್‌ಪ್ಯಾಟ್ರಿಕ್ ಎಂಬ ಇಂಗ್ಲಿಷ್ ಅಧಿಕಾರಿ ಆತನ ಪತ್ರಗಳಲ್ಲಿ ಕೆಲವನ್ನು ಆರಿಸಿ ಭಾಷಾಂತರಿಸಿ 1811ರಲ್ಲಿ ಲಂಡನ್ನಿನಲ್ಲಿ ಅಚ್ಚುಹಾಕಿಸಿದನು. ಅನುವಾದಕನಿಗೆ ಸುಲ್ತಾನನ ಮೇಲೆ ಇನಿತೂ ಪ್ರೀತಿಯಿಲ್ಲ. ಪುಟಪುಟಕ್ಕೂ ಚುಚ್ಚುನುಡಿ ಸೇರಿಸಿದ್ದಾನೆ. ಆದರೂ ಆ ಪತ್ರಗಳನ್ನು ಓದಿದವರಿಗೆ ಆತನ ದುಡಿಮೆಯ ಅಗಾಧತೆ ಮನಸ್ಸಿಗೆ ಬಾರದಿರದು. ಇಷ್ಟೆಲ್ಲವನ್ನೂ ಒಬ್ಬನೇ ನೋಡಬೇಕೆನ್ನುವವನು ತನ್ನ ಅಧಿಕಾರಿಗಳನ್ನು ನಂಬದವನೂ ಆಗಿರಬೇಕು. ಅದೇ ಆತನ ದೌರ್ಬಲ್ಯವೂ ಹೌದು.

ಅಮಲ್ದಾರರಿಗಾಗಿ ಆತನು ಹೊರಡಿಸಿದ ಕಂದಾಯ ನಿಯಮಾವಳಿ ಇಂತಹ ಕಾಗದಗಳಲ್ಲಿ ಮುಖ್ಯವಾದುದು. ಬರಿಷ್ ಕ್ರಿಸ್ಪ್ ಎಂಬವನ ಇಂಗ್ಲಿಷ್ ಅನುವಾದ 1792ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಯಿತು. ಬಡ ರೈತನಿಗೆ ನೇಗಿಲು ಕೊಳ್ಳಲು ತಕಾವಿ ಕೊಡಬೇಕು. ಬೀಳುಬಿದ್ದ ಭೂಮಿಯನ್ನು ಸಾಗುವಳಿಗೆ ತರಬೇಕು. ಪಟೇಲರು ರೈತರಿಂದ ಬಿಟ್ಟಿ ಬೇಸಾಯ ಮಾಡಿಸಬಾರದು. ಮನಸ್ಸಿಗೆ ಹಿಡಿಸುವ ಒಂದು ವಿಧಿಯೂ ಅದರಲ್ಲಿದೆ. ತಪ್ಪು ಮಾಡಿದ ರೈತನಿಂದ ಹಣದ ದಂಡ ಕೀಳುವ ಬದಲು, ಅವನಿಂದ ಊರ ಮುಂದೆ ಎರಡು ಮಾವಿನ ಗಿಡಗಳನ್ನೂ ಎರಡು ಬಾದಾಮಿ ಗಿಡಗಳನ್ನೂ ನೆಡಿಸಿ, ಅವು ಮೂರಡಿ ಎತ್ತರಕ್ಕೆ ಬೆಳೆಯುವವರೆಗೆ ಅವನೇ ನೀರೆರೆಯುವಂತೆ ಮಾಡಬೇಕು. ಈ ಗಿಡ ನೆಡಿಸುವ ವಿಧಿಯಿರುವ ಆಡಳಿತದಲ್ಲಿಯೇ ಗಿಡ ಕೀಳಿಸುವ ವಿಧಿಯೂ ಇದ್ದಿತು. ಭಂಗಿಯ ಬೇಸಾಯಕ್ಕೆ ಅಮಲ್ದಾರರು ಎಡೆಗೊಡಕೂಡದು. ಸಾರಾಯಿ ಸೇಂದಿಗಳ ಅಂಗಡಿಗಳು ಮುಚ್ಚಬೇಕು. ಸೇಂದಿ ಕೊಡುವ ಈಚಲು ಮರಗಳು ಉರುಳಬೇಕು.

ಅಂದಿನ ಜನಕ್ಕೆ ಈ ಗಿಡದ ಬಳಕೆ ಹೇಗಿತ್ತೆಂಬುದನ್ನು ತಿಳಿಯದೆ ಅಪ್ಪಣೆಯ ತೂಕ ತಿಳಿಯದು. ಉತ್ತರದ ಹಿಮಾಲಯದ ತಪ್ಪಲಿನಲ್ಲಿ ಇದರ ನಾರಿನಿಂದ ಹಗ್ಗ ಗೋಣಿಗಳನ್ನು ಮಾಡುವುದುಂಟು. ನಮ್ಮ ಬಯಲುಸೀಮೆಯಲ್ಲಿ ಹಗ್ಗಕ್ಕೆ ಕತ್ತಾಳೆಯಿದೆ, ಪುಂಡಿಯಿದೆ, ಸೆಣಬಿದೆ. ಭಂಗಿಯನ್ನು ಬೆಳೆಯುತ್ತಿದ್ದುದು ಅಮಲಿಗಾಗಿ, ಅಲ್ಪಸ್ವಲ್ಪ ಔಷಧಕ್ಕಾಗಿ. ಹಿತ್ತಿಲಿನ ಮೂಲೆಯಲ್ಲಿ, ತೋಟದ ಬದುವಿನಲ್ಲಿ ನಾಲ್ಕು ಗಿಡವಿದ್ದರೆ ಒಂದು ಊರಿನ ಸೇವನೆಗೆ ಸಾಕು. ಎಲೆಯನ್ನು ಅರೆದು ಹಾಲು, ಮೆಣಸು, ಬೆಲ್ಲ ಬೆರೆಸಿ ಕುಡಿದರೆ ಅದು ಭಂಗಿ. ಹೆಣ್ಣುಗಿಡದ ಹೂತುದಿಯನ್ನು ಒಣಗಿಸಿ ಚಿಲುಮೆಯಲ್ಲಿ ಸೇದಿದರೆ ಗಾಂಜಾ. ಅದರ ಅಂಟನ್ನು ತಿಕ್ಕಿ ತೆಗೆದರೆ ಚರಸ್ಸು. ವೈದ್ಯರು ಇದಕ್ಕೆ ವಿಜಯಾ ಎಂಬ ಅಂದದ ಹೆಸರನ್ನಿಟ್ಟು ಹೊಟ್ಟೆಯ ಬೇನೆಗೂ ನಿದ್ರೆಗೇಡಿಗೂ ಕೊಡುತ್ತಿದ್ದರು. ಗೋಸಾಯಿಗಳು, ಬೈರಾಗಿಗಳು, ಮುಸಲ್ಮಾನ ಫಕೀರರು ಇದನ್ನು ಏಕಾಗ್ರತೆಯ ಸಾಧನವೆಂದು ಸೇದುತ್ತಿದ್ದರು. ಶೈವರಲ್ಲಿ ಹಲವರಿಗೆ ಇದು ಶಿವನ ಪ್ರಿಯವಸ್ತು. ದೂರದ ದಾರಿ ನಡೆದು ಬಂದ ಸಿಪಾಯಿಗೆ, ಮಣಭಾರ ಹೊತ್ತ ಕೂಲಿಯವನಿಗೆ ಮೈನೋವು ಮರೆಸುವ ಅಗ್ಗದ ಮದ್ದು.

ಸುಲ್ತಾನನು ಏಕೆ ನಿಷೇಧಿಸಿದನು? ಮೊದಲ ಕಾರಣ ಆತನ ಮತವೆಂಬುದರಲ್ಲಿ ಸಂದೇಹವಿಲ್ಲ. ಅಮಲೇರಿಸುವ ವಸ್ತು ಇಸ್ಲಾಮಿಗೆ ನಿಷಿದ್ಧ; 1786ರಲ್ಲಿ ಬಾದಷಹನೆಂಬ ಬಿರುದು ಧರಿಸಿದವನಿಗೆ ತನ್ನ ರಾಜ್ಯ ಧರ್ಮನಿಷ್ಠವಾಗಿ ಕಾಣಬೇಕೆಂಬ ಹಂಬಲವೂ ಇದ್ದಿತು. ಆದರೆ ಮತವೊಂದೇ ಕಾರಣವಾಗಿದ್ದರೆ ದೆಹಲಿಯ ಬಾದಷಹರ ಕಾಲದಂತೆ ಅದು ಒಂದು ಶುಭದಿನದ ಘೋಷಣೆಯಾಗಿ ಮುಗಿದುಹೋಗುತ್ತಿತ್ತು. ಇಲ್ಲಿ ಅದು ಕಂದಾಯದ ನಿಯಮಾವಳಿಯೊಳಗೆ, ನೇಗಿಲು ತಕಾವಿಗಳ ನಡುವೆ, ಅಮಲ್ದಾರನ ದಿನನಿತ್ಯದ ಕೆಲಸವಾಗಿ ಬಂದಿದೆ. ರಾಜ್ಯದ ಸಂಪತ್ತೆಂದರೆ ರೈತನ ತೋಳು ಮತ್ತು ಸಿಪಾಯಿಯ ಕಣ್ಣು ಎಂದು ಲೆಕ್ಕ ಹಾಕುವ ದೊರೆಯ ವಿಚಾರ ಇದು. ಆತನ ಸೇನೆ ಬೆಳೆಯುತ್ತಿತ್ತು. ಬಂದೂಕಿನ ಕವಾಯತು ಕಲಿತ ದಳಕ್ಕೆ ಚಿಲುಮೆಯ ಮಂಪರು ಸಲ್ಲದು. ಖಜಾನೆಯ ನಷ್ಟಕ್ಕಿಂತ ಪ್ರಜೆಯ ಆರೋಗ್ಯ ದೊಡ್ಡದೆಂದು ಆತನು ಮೀರ್ ಸಾದಿಕನಿಗೆ ಬರೆದನೆಂಬ ಪತ್ರವೊಂದು ಈಚೆಗೆ ಬಹಳ ಪ್ರಚಾರದಲ್ಲಿದೆ. ಅದರ ಮಾತಿನ ಧಾಟಿ ಹದಿನೆಂಟನೆಯ ಶತಮಾನದ ಫಾರಸಿಗಿಂತ ನಮ್ಮ ಕಾಲದ ಪಾನನಿರೋಧ ಸಭೆಯ ಭಾಷಣಕ್ಕೆ ಹತ್ತಿರವಾಗಿರುವುದರಿಂದ ಅದನ್ನು ಇಲ್ಲಿ ಆಧಾರವಾಗಿ ಹಿಡಿದಿಲ್ಲ. ನಿಯಮಾವಳಿಯ ಒಣ ವಾಕ್ಯವೇ ಸಾಕಾದಷ್ಟು ಹೇಳುತ್ತದೆ.

ನಷ್ಟವಾದುದಂತೂ ನಿಜ. ಹೈದರನು ಈ ವಿಷಯದಲ್ಲಿ ಮಗನಷ್ಟು ಕಟ್ಟುನಿಟ್ಟಿನವನಾಗಿರಲಿಲ್ಲ. ಸೇಂದಿ ಸಾರಾಯಿಗಳ ಗುತ್ತಿಗೆ, ಮಳೆ ಬಂದರೂ ಬಾರದಿದ್ದರೂ ಬೊಕ್ಕಸಕ್ಕೆ ಬರುವ ಹಣ. ಭೂಕಂದಾಯಕ್ಕಾದರೋ ಮುಗಿಲು ನೋಡಬೇಕು. ಇಂತಹ ಖಚಿತ ಆದಾಯವನ್ನು ತಾನಾಗಿಯೇ ಕೈಬಿಟ್ಟ ಅರಸರು ನಮ್ಮ ಚರಿತ್ರೆಯಲ್ಲಿ ಹೆಚ್ಚು ಮಂದಿಯಿಲ್ಲ. ಆದರೆ ಕೈಬಿಟ್ಟವನು ದೊರೆಯೊಬ್ಬನೇ ಅಲ್ಲವೆಂಬುದನ್ನೂ ಹೇಳಬೇಕು. ಈಚಲು ಮರ ಏರಿ ಸೇಂದಿ ಇಳಿಸಿ ಬಾಳುತ್ತಿದ್ದ ಈಡಿಗರ ಜೀವನೋಪಾಯವನ್ನು ಒಂದೇ ಅಪ್ಪಣೆ ಕಡಿದುಹಾಕಿತು. ಮರವೆಂದರೆ ಅವರಿಗೆ ಹೊಲ. ಹೊಲ ಹೋದವರಿಗೆ ಬದಲಿ ಹೊಲ ಯಾರು ಕೊಡಬೇಕು? ಶಿವರಾತ್ರಿಯಂದು ಭಂಗಿಯನ್ನು ನೈವೇದ್ಯಕ್ಕಿಡುವವನಿಗೆ ಈ ವಿಧಿ ತನ್ನ ದೇವರ ಪೂಜೆಯೊಳಕ್ಕೆ ಸರಕಾರ ಕೈಹಾಕಿದಂತೆ ತೋರದೆ ಇರಲಾರದು. ಶೃಂಗೇರಿಯ ಮಠವನ್ನು 1791ರಲ್ಲಿ ಮರಾಠರ ದಂಡು ಸೂರೆಮಾಡಿದಾಗ ಸ್ವಾಮಿಗಳಿಗೆ ಕನ್ನಡದಲ್ಲಿ ಭಕ್ತಿಯ ಪತ್ರಗಳನ್ನು ಬರೆದು ದೇವಿಯ ಪ್ರತಿಷ್ಠೆಗೆ ಹಣ ಕಳುಹಿಸಿದವನೂ ಇವನೇ. ಇನ್ನೊಂದು ವಿಚಿತ್ರವಿದೆ: ಆತನ ಊಳಿಗದಲ್ಲಿದ್ದ ಫ್ರೆಂಚ್ ಸೇನಾನಿ ಲಾಲಿಯ ದಳದ ಐರೋಪ್ಯರಿಗೆ ಮಾತ್ರ ಮದ್ಯದ ವಿಷಯದಲ್ಲಿ ವಿನಾಯಿತಿ ಇದ್ದಿತು. ಬೇಕಾದವರಿಗೆ ಬಾಗಿಲ ಸಂದು ಬಿಟ್ಟು ಮಿಕ್ಕವರಿಗೆ ಮುಚ್ಚುವ ಈ ರೀತಿಯನ್ನು ಆಮೇಲಿನ ಎಲ್ಲ ಪಾನನಿರೋಧದ ಸರಕಾರಗಳೂ ಅನುಸರಿಸಿದುವು.

ಸುಲ್ತಾನನ ವಿಚಾರಕ್ಕೆ ನೇರವಾಗಿ ಎದುರಾದ ವಿಚಾರವೊಂದು ನೂರು ವರ್ಷಗಳ ಮೇಲೆ, ಆತನನ್ನು ಗೆದ್ದವರ ಕಡೆಯಿಂದಲೇ ಬಂದಿತು. ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಭಾರತದ ಗಾಂಜಾ ಜನರನ್ನು ಹುಚ್ಚರನ್ನಾಗಿಸುತ್ತಿದೆಯೆಂದು ಮದ್ಯವಿರೋಧಿಗಳು ಪ್ರಶ್ನೆಯೆತ್ತಲು, 1893ರಲ್ಲಿ ಮ್ಯಾಕ್‌ವರ್ತ್ ಯಂಗ್ ಎಂಬವನ ಅಧ್ಯಕ್ಷತೆಯಲ್ಲಿ ಏಳು ಮಂದಿಯ ಆಯೋಗ ನೇಮಕವಾಯಿತು. ಅವರಲ್ಲಿ ಮೂವರು ಭಾರತೀಯರು. ಪ್ರಾಂತಗಳಲ್ಲೆಲ್ಲ ತಿರುಗಿ 1,193 ಮಂದಿಯ ಸಾಕ್ಷ್ಯ ತೆಗೆದುಕೊಂಡು, ಹುಚ್ಚರ ಆಸ್ಪತ್ರೆಗಳ ದಾಖಲೆಗಳನ್ನು ಒಂದೊಂದಾಗಿ ಪರಿಶೀಲಿಸಿ, 1894ರಲ್ಲಿ ಹಲವು ಸಂಪುಟಗಳ ವರದಿಯೊಪ್ಪಿಸಿದರು. ಗಾಂಜಾದಿಂದ ಹುಚ್ಚು ಹಿಡಿದವರೆಂದು ಬರೆದಿದ್ದ ರೋಗಿಗಳಲ್ಲಿ ಬಹುಮಂದಿಯ ಬಗೆಗೆ ಆ ಬರೆಹಕ್ಕೆ ಆಧಾರವಿರಲಿಲ್ಲ. ಮಿತವಾದ ಸೇವನೆಯಿಂದ ಹೇಳಿಕೊಳ್ಳುವಂತಹ ಕೇಡಿಲ್ಲ, ಅತಿಯಾದ ಸೇವನೆ ಕೇಡು. ಸಂಪೂರ್ಣ ನಿಷೇಧ ಅನಗತ್ಯ. ಸಾಧುಸಂತರ ಪದ್ಧತಿಯನ್ನು ಮುಟ್ಟಿದರೆ ಜನರ ಅಸಮಾಧಾನಕ್ಕೆ ಎಡೆ. ಆದುದರಿಂದ ಲೈಸೆನ್ಸು, ತೆರಿಗೆ, ಹತೋಟಿ ಸಾಕು. ಇದು ಆಯೋಗದ ತೀರ್ಪು. ಇಂದು ಗಾಂಜಾವನ್ನು ಬಿಡಬೇಕೆನ್ನುವವರು ಮೊದಲು ಎತ್ತಿ ತೋರುವ ಗ್ರಂಥ ಇದೇ.

ಆ ವರದಿಯ ಶ್ರಮಕ್ಕೆ ತಲೆಬಾಗಲೇಬೇಕು. ಗಾಂಜಾದ ವಿಷಯದಲ್ಲಿ ಅಷ್ಟು ತಾಳ್ಮೆಯ ವಿಚಾರಣೆ ಅದಕ್ಕೆ ಮುಂಚೆ ಎಲ್ಲಿಯೂ ನಡೆದಿರಲಿಲ್ಲ. ಆದರೆ ಆ ಆಯೋಗವನ್ನು ನೇಮಿಸಿದ ಸರಕಾರ ಅಫೀಮಿನ ವ್ಯಾಪಾರದಿಂದಲೂ ಅಬಕಾರಿಯಿಂದಲೂ ಬೊಕ್ಕಸ ತುಂಬುತ್ತಿದ್ದ ಸರಕಾರವೆಂಬುದನ್ನು ಮರೆತು ಅದನ್ನು ಓದುವುದು ಜಾಣತನವಲ್ಲ. ಹಾಗೆಯೇ, ತನ್ನ ಪ್ರಜೆಗಳನ್ನು ಒಂದು ಮಾತೂ ಕೇಳದೆ ಗಿಡ ಕೀಳಿಸಿದವನು ಪ್ರಜಾಹಿತೈಷಿಯೆಂದು ಹೊಗಳಿ ಸುಮ್ಮನಾಗುವುದೂ ಅಲ್ಲ. ಒಂದು ಸರಕಾರ ಸಾವಿರಾರು ಮಂದಿಯನ್ನು ಕೇಳಿತು, ಆದರೆ ಅದರ ಕೈ ಹಣದ ಪೆಟ್ಟಿಗೆಯ ಮೇಲಿತ್ತು. ಇನ್ನೊಂದು ಹಣವನ್ನು ಬಿಟ್ಟಿತು, ಆದರೆ ಯಾರನ್ನೂ ಕೇಳಲಿಲ್ಲ. ನಮ್ಮ ಸಂವಿಧಾನದ 47ನೆಯ ವಿಧಿ ಮಾದಕವಸ್ತುಗಳ ನಿಷೇಧಕ್ಕೆ ಯತ್ನಿಸಬೇಕೆಂದು ರಾಜ್ಯಕ್ಕೆ ಹೇಳುತ್ತದೆ. ಅದೇ ರಾಜ್ಯಗಳು ಅಬಕಾರಿಯ ಆದಾಯವನ್ನು ಆಯವ್ಯಯದಲ್ಲಿ ನೆಚ್ಚಿಕೊಂಡಿವೆ. ಆ ಇಬ್ಬರು ಹಿರಿಯರ ಆಸ್ತಿಗೂ ನಾವು ಏಕಕಾಲದಲ್ಲಿ ವಾರಸುದಾರರಾಗಿದ್ದೇವೆ.

ಟಿಪ್ಪುವಿನ ಪರವಾಗಿ ಹೇಳಬೇಕಾದ ಒಂದು ಸಂಗತಿಯುಂಟು. ಆತನ ಹೊಗಳಿಕೆಯವರು ಇದನ್ನು ಸಾಕಷ್ಟು ಗಮನಿಸಿಲ್ಲ. ಆತನು ಒಂದು ಗಿಡವನ್ನು ಕಿತ್ತು ನೆಲವನ್ನು ಬರಿದಾಗಿ ಬಿಡಲಿಲ್ಲ. ತಂದೆ 1760ರಲ್ಲಿ ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗಿಗೆ ದೂರದೇಶಗಳಿಂದ ಸಸಿಗಳನ್ನು ತರಿಸಿದನು. ಕಬ್ಬಿಗೆ ಪ್ರೋತ್ಸಾಹವಿತ್ತನು. ಎಲ್ಲಕ್ಕಿಂತ ಮಿಗಿಲಾಗಿ, 1780ರ ದಶಕದಲ್ಲಿ ರೇಷ್ಮೆಹುಳುವಿಗಾಗಿ ಬಂಗಾಳಕ್ಕೂ ಮಸ್ಕತ್ತಿಗೂ ಜನರನ್ನು ಕಳುಹಿಸಿದನು. ಮೊಟ್ಟೆ ತರುವ ಬಗೆ, ಹುಳುವನ್ನು ಸಾಕುವವರನ್ನು ಕರೆತರುವ ಬಗೆ, ಹಿಪ್ಪುನೇರಳೆಯನ್ನು ನೆಡಬೇಕಾದ ಎಡೆ, ಎಲ್ಲಕ್ಕೂ ಪತ್ರಗಳಿವೆ. ಹುಳು ಸಾಕಲು ರಾಜ್ಯದಲ್ಲಿ 21 ಠಾಣ್ಯಗಳನ್ನು ಗೊತ್ತುಮಾಡಿದ್ದನು. ನೆನೆದರೆ ಸೋಜಿಗವಾಗುತ್ತದೆ: ಭಂಗಿಯಂತೆಯೇ ಹಿಪ್ಪುನೇರಳೆಯೂ ಎಲೆಗಾಗಿ ಬೆಳೆಯುವ ಗಿಡ, ಮನೆಯ ಹೆಂಗಸರು ಮಕ್ಕಳೆಲ್ಲ ಕೈಹಾಕಿದರೆ ಮಾತ್ರ ನಡೆಯುವ ಕಸಬು, ಅಮಲಿನವನಿಂದ ಆಗದ ಕಸಬು. ಹುಳು ನಾಲ್ಕನೆಯ ಜ್ವರ ಕಳೆದು ಹಸಿದಿರುವಾಗ ಹಗಲಿರುಳೂ ಎಲೆ ಹಾಕುತ್ತಲೇ ಇರಬೇಕು. ಸುಲ್ತಾನನು ಇವೆರಡನ್ನೂ ಎದುರುಬದುರಾಗಿಟ್ಟು ಯೋಚಿಸಿದನೆಂದು ಹೇಳಲು ಆಧಾರವಿಲ್ಲ. ಎರಡು ಅಪ್ಪಣೆಗಳೂ ಒಂದೇ ಮನಸ್ಸಿನಿಂದ ಹೊರಟುವೆಂಬುದು ಮಾತ್ರ ಸ್ಪಷ್ಟ.

ಆ ಮನಸ್ಸಿನ ಗಟ್ಟಿತನಕ್ಕೆ ಪರೀಕ್ಷೆ ಬಂದುದು ಮೂರನೆಯ ಯುದ್ಧದಲ್ಲಿ. 1791ರ ಮಾರ್ಚಿನಲ್ಲಿ ಬೆಂಗಳೂರು ಕಾರ್ನ್‌ವಾಲೀಸನ ಕೈಸೇರಿತು. ಸೆಪ್ಟೆಂಬರಿನಲ್ಲಿ ಮೇಜರ್ ಗೌಡಿಯ ದಳ ನಮ್ಮ ಸೀಮೆಯ ಬೆಟ್ಟಗಳ ಮೇಲೆ ತಿರುಗಿತು. ಮೊದಲು ರಹಮಾನ್‌ಗಡ ಬಿದ್ದಿತು. ಅದನ್ನು ಕಂಡು ಅಂಬಾಜಿದುರ್ಗವೂ ಹೆಚ್ಚು ಕಾದದೆ ಶರಣಾಯಿತು. ನಂದಿದುರ್ಗದಲ್ಲಿ ಮಾತ್ರ ಲುತ್ಫ್ ಅಲಿ ಬೇಗನೆಂಬ ಸರದಾರ ಮೂರು ವಾರ ತಡೆದು ನಿಂತನು. ಬೆಟ್ಟದ ಕಡಿದಾದ ಮೈಯಲ್ಲಿ ಫಿರಂಗಿಗಳನ್ನು ಎಳೆದು ತಂದು, ಅಕ್ಟೋಬರ್ 18ರ ರಾತ್ರಿ ಬೆಳುದಿಂಗಳಿನಲ್ಲಿ ಇಂಗ್ಲಿಷರು ಲಗ್ಗೆ ಹತ್ತಿದರು. ಮರುವರ್ಷದ ಮಾರ್ಚಿನಲ್ಲಿ ಶ್ರೀರಂಗಪಟ್ಟಣದ ಒಪ್ಪಂದ. ಅರ್ಧ ರಾಜ್ಯ ಹೋಯಿತು. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ತೆರಬೇಕಾಯಿತು. ಹಣ ತೀರುವವರೆಗೆ ಇಬ್ಬರು ಎಳೆಯ ಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್, ಕಂಪೆನಿಯವರ ಒತ್ತೆಯಾದರು.

ಸಾಮಾನ್ಯನಾದ ಅರಸನಿಗೆ ಸಾರಾಯಿ ಗುತ್ತಿಗೆಯ ನೆನಪು ಬರುವುದು ಇಂತಹ ಗಳಿಗೆಯಲ್ಲಿ. ಮಕ್ಕಳನ್ನು ಬಿಡಿಸಿಕೊಳ್ಳಬೇಕಾದ ತಂದೆ ಅಂಗಡಿಗಳನ್ನು ತೆರೆಸಿದ್ದರೆ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಟಿಪ್ಪು ಹಣವನ್ನು ಬೇರೆಡೆ ಹುಡುಕಿದನು. ಅಧಿಕಾರಿಗಳಿಂದಲೂ ಪ್ರಜೆಗಳಿಂದಲೂ ವಸೂಲು ಮಾಡಿದನು. ಆ ವಸೂಲಿಯ ಬಿಗಿಯನ್ನು ಜನ ಬಹುಕಾಲ ಮರೆಯಲಿಲ್ಲ. ಅನಂತರ 1793–94ರಲ್ಲಿ ಸರಕಾರವೇ ವರ್ತಕನಾಗಬೇಕೆಂದು ವ್ಯಾಪಾರದ ನಿಯಮಗಳನ್ನು ರಚಿಸಿದನು. ಗಂಧ, ಮೆಣಸು, ಏಲಕ್ಕಿಗಳ ಮಾರಾಟ ಸರಕಾರದ ಕೈಗೆ, ಮಸ್ಕತ್ತಿನಲ್ಲಿ ಕೋಠಿ, ಪ್ರಜೆಗಳೂ ಹಣ ಹೂಡಿ ಲಾಭ ಪಡೆಯಬಹುದಾದ ಏರ್ಪಾಡು. ಇದು ವರ್ತಕರ ಹೊಟ್ಟೆಯ ಮೇಲೆ ಹೊಡೆದ ನೀತಿಯೆಂದು ದೂರುವವರ ಮಾತಿನಲ್ಲಿ ಹುರುಳಿದೆ. ಅದೇನೇ ಇರಲಿ, 1794ರಲ್ಲಿ ಮಕ್ಕಳು ಹಿಂದಿರುಗಿದರು. ದೇವನಹಳ್ಳಿಯವರೆಗೂ ಬಂದು ತಂದೆ ಅವರನ್ನು ಎದುರುಗೊಂಡನು. ಆತನು ಹುಟ್ಟಿದ ಊರು ಅದೇ.

ಉಳಿದ ಕಥೆ ಚಿಕ್ಕದು. ವೆಲ್ಲೆಸ್ಲಿ ಗವರ್ನರ್ ಜನರಲನಾಗಿ ಬಂದನು. ಫ್ರೆಂಚರೊಡನೆ ಸುಲ್ತಾನನ ಪತ್ರವ್ಯವಹಾರ ನೆವವಾಯಿತು. 1799ರ ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆ ಒಡೆದು, ದಿಡ್ಡಿಬಾಗಿಲಿನ ಬಳಿಯ ಹೆಣಗಳ ರಾಶಿಯಲ್ಲಿ ಸುಲ್ತಾನನ ದೇಹ ಸಿಕ್ಕಿತು. ಮರುದಿನ ತಂದೆಯ ಮಗ್ಗುಲಲ್ಲಿ ಗುಂಬಜಿನಲ್ಲಿ ಮಣ್ಣುಮಾಡಿದರು. ಊರಿನೊಳಗೆ ಗೆದ್ದ ಸೈನ್ಯ ಇಡೀ ರಾತ್ರಿ ಸೂರೆಯಲ್ಲಿ ತೊಡಗಿದ್ದಿತು. ಅರಮನೆಯಲ್ಲಿ ಸಿಕ್ಕ ಸುಮಾರು ಎರಡು ಸಾವಿರ ಗ್ರಂಥಗಳ ಪಟ್ಟಿಯನ್ನು ಸ್ಟುವರ್ಟ್ ಎಂಬ ವಿದ್ವಾಂಸನು ಆಮೇಲೆ ಸಿದ್ಧಪಡಿಸಿದನು.

ರಾಜ್ಯ ಒಡೆಯರಿಗೆ ಮರಳಿತು. ಐದು ವರ್ಷದ ಅರಸುಮಗುವಿನ ಪರವಾಗಿ ಆಡಳಿತ ನಡೆಸಿದವನು, ಸುಲ್ತಾನನ ಲೆಕ್ಕಪತ್ರಗಳನ್ನು ನೋಡಿದ್ದ ಪೂರ್ಣಯ್ಯನೇ. ವರ್ಷಕ್ಕೆ ಏಳು ಲಕ್ಷ ವರಹಗಳನ್ನು ಕಂಪೆನಿಗೆ ತೆರಬೇಕೆಂದು ಒಪ್ಪಂದವಾಗಿತ್ತು. ಬೊಕ್ಕಸದ ಗತಿಯನ್ನು ಬಲ್ಲ ದಿವಾನನು ಅಬಕಾರಿ ಗುತ್ತಿಗೆಗಳನ್ನು ಮರಳಿ ನಡೆಸಿದನು. ಈಚಲ ಬನಗಳು ಮತ್ತೆ ಚಿಗುರಿದುವು. ಈಡಿಗರು ಮತ್ತೆ ಮರ ಏರಿದರು. ಆ ಶತಮಾನದ ಕೊನೆಯ ವೇಳೆಗೆ ಮೈಸೂರು ಸಂಸ್ಥಾನದಲ್ಲಿ ಭೂಕಂದಾಯದ ನಂತರದ ದೊಡ್ಡ ಆದಾಯಗಳಲ್ಲಿ ಅಬಕಾರಿಯೂ ಒಂದಾಗಿದ್ದಿತು.

ಸುಲ್ತಾನನು ಮಡಿದ ಮರುವರ್ಷ, 1800ರ ಮಳೆಗಾಲದಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಪೆನಿಯ ಅಪ್ಪಣೆಯಂತೆ ಗೆದ್ದ ನಾಡನ್ನು ಅಳೆದು ಬರೆಯುತ್ತ ಕೋಲಾರ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳ ದಾರಿಯಾಗಿ ಬಂದನು. ಕೋಲಾರದ ತೋಟಗಳಲ್ಲಿ ಅಫೀಮಿಗೂ ಗಸಗಸೆಗೂ ಬೆಳೆದಿದ್ದ ಗಿಡಗಳನ್ನು ಕಂಡು ಬರೆದುಕೊಂಡನು. ಚಿಕ್ಕಬಳ್ಳಾಪುರದಲ್ಲಿ ಒಂದು ಮನೆತನದವರು ಗುಟ್ಟಾಗಿ ಕಾಪಾಡಿಕೊಂಡು ಬಂದಿದ್ದ ಬಿಳಿಯ ಸಕ್ಕರೆಯನ್ನೂ ಕಲ್ಲುಸಕ್ಕರೆಯನ್ನೂ ಕಂಡು ಮೆಚ್ಚಿದನು. ಸುಲ್ತಾನನ ಅಪ್ಪಣೆಗಳ ಸುದ್ದಿಯೂ ಅಲ್ಲಲ್ಲಿ ಅವನ ಕಿವಿಗೆ ಬಿದ್ದಿತು. ಭಂಗಿಯನ್ನು ಕೀಳಿಸಿದ ಅಪ್ಪಣೆಯ ಹಿಂದೆ ಈಗ ಯಾವ ಅಮಲ್ದಾರನೂ ಇರಲಿಲ್ಲ. ರೇಷ್ಮೆಯ ಹುಳು ಯುದ್ಧಗಳ ನಡುವೆ ಹಲವು ಕಡೆ ಅಳಿದುಹೋಗಿ, ಕೆಲವು ಊರುಗಳಲ್ಲಿ ಉಳಿದು, ಮುಂದಿನ ಶತಮಾನದಲ್ಲಿ ಬೆಂಗಳೂರು ಕೋಲಾರ ಸೀಮೆಗಳ ಉದ್ದಕ್ಕೂ ಹರಡಿತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಇಂದು ಏಷ್ಯಾ ಖಂಡದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಅಂಬಾಜಿದುರ್ಗದ ಸುತ್ತಣ ಸೀಮೆಯ ಬೇಸಾಯಗಾರರು ಬೆಳಗಿನಲ್ಲಿಯೇ ಗೂಡಿನ ಚೀಲಗಳನ್ನು ಹೊತ್ತು ಅಲ್ಲಿಗೆ ಹೊರಡುತ್ತಾರೆ.